ಎತ್ತಿ ಕುಡಿಯುವ ಪಾಠ

"ಇದರಲ್ಲಿ ಕಷ್ಟ ಏನೂ ಇಲ್ಲ, ನೋಡ್ಕೊಳ್ಳಿ" ಎಂದು ಘೋಷಿಸಿದ ಮರುಗಳಿಗೆಯಲ್ಲೇ ಅನಂತಪದ್ಮನಾಭನಿಗೆ ನೀರು ನೆತ್ತಿಗೆ ಹತ್ತಿತು. ಸ್ಟೀಲ್ ಚೊಂಬನ್ನು ತುಟಿಯಿಂದ ಗೇಣುದ್ದ ಮೇಲೆತ್ತಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ಮೈಸೂರಿನ ಹಿರಿಯರೆಲ್ಲ ಮೆಚ್ಚುವಂತೆ ಗಟಗಟ ಇಳಿಸುತ್ತಿದ್ದ. ಎದುರಿಗೆ ಕಾಲೇಜು ಫುಟ್‌ಬಾಲ್ ತಂಡದ ದೈತ್ಯರು ಜಾದೂ ನೋಡುವ ಮಕ್ಕಳ ಹಾಗೆ ನಿಂತಿದ್ದರು. ಅವರಲ್ಲೊಬ್ಬ, "ಸರ್, ನಡುವೆ ಉಸಿರು ಯಾವಾಗ ತಗೊಳ್ಳೋದು?" ಎಂದು ಕೇಳಿದ. ಉತ್ತರ ಹೇಳಬೇಕು ಅಂದುಕೊಂಡನಷ್ಟೇ, ನೀರು ದಾರಿ ತಪ್ಪಿತು. ಮೂಗಿನಿಂದೊಂದು ಧಾರೆ, ಬಾಯಿಂದೊಂದು ಧಾರೆ. ಗಲ್ಲದ ಕೆಳಗೆ ಜೋತಿದ್ದ ಮಾಸ್ಕು ತೊಯ್ದು ತೊಪ್ಪೆಯಾಯಿತು. ಕೆಮ್ಮು ಹತ್ತಿಕೊಂಡು ಕಣ್ಣು ಹೊರಬಂದಾಗ ದೈತ್ಯರೆಲ್ಲ ಓಡಿಬಂದು ಸರದಿಯಂತೆ ಬೆನ್ನಿಗೆ ಗುದ್ದಿದರು. ಅವರ ಕಾಲಡಿಯಲ್ಲಿ, ಆರಡಿಗೊಂದರಂತೆ ಅವನೇ ಮಂಡಿಯೂರಿ ಅಂಟಿಸಿದ್ದ ಹಳದಿ ಸ್ಟಿಕರುಗಳು ಕಾಣದಂತಾದವು.

ಇದು ಎರಡು ಸಾವಿರದ ಇಪ್ಪತ್ತರ ನವೆಂಬರಿನ ಮಾತು. ಅಮೆರಿಕದ ವಾಲ್ನಟ್ ಕ್ರೀಕ್ ಊರಿನ ಆಚೆ, ಗುಡ್ಡದ ಬುಡದಲ್ಲಿದ್ದ ಆ ಕಾಲೇಜಿಗೆ ಅನಂತಪದ್ಮನಾಭ ಸುರಕ್ಷತೆಯ ಅಧಿಕಾರಿ. ಅಂದರೆ ಬೆಂಕಿ ಆರಿಸುವ ಸಿಲಿಂಡರುಗಳ ತಾರೀಕು ನೋಡುವುದು, ಯಾವ ಬಾಗಿಲಿಗೂ ಕುರ್ಚಿ ಅಡ್ಡ ಇಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಮದುವೆಯಾದಾಗಿನಿಂದ ಹೆಂಡತಿ ನಿರುಪಮಾ ಅವನ ಕೆಲಸವನ್ನು "ಏನೂ ಆಗದ ಹಾಗೆ ನೋಡ್ಕೊಳ್ಳೋದು, ಏನೂ ಆಗದೆ ಇದ್ರೆ ಸಂಬಳ ತಗೊಳ್ಳೋದು" ಎಂದೇ ನೆಂಟರಿಗೆ ಪರಿಚಯಿಸುತ್ತ ಬಂದಿದ್ದಳು. ಕೋವಿಡ್ ಬಂತು, ಸೆಪ್ಟೆಂಬರಿನ ಪಂದ್ಯಗಳೆಲ್ಲ ಹಾರಿಹೋದವು. ಕೊನೆಗೆ ಕೌಂಟಿಯ ಆರೋಗ್ಯ ಇಲಾಖೆ, ನೂರೆಂಟು ಷರತ್ತು ಹಾಕಿ, ನಾಲ್ಕೇ ಪಂದ್ಯಗಳ ಚೋಟುದ್ದದ ಸೀಸನ್ನಿಗೆ ಒಪ್ಪಿತು. ಆ ಷರತ್ತುಗಳನ್ನು ಕಾಯಲು ಒಬ್ಬ ಬೇಕಿತ್ತು. ಅನಂತಪದ್ಮನಾಭನ ಕೊರಳಿಗೆ ಹೊಸ ಬ್ಯಾಡ್ಜು ಬಿತ್ತು.

ಅಷ್ಟು ಉದ್ದದ ಹೆಸರನ್ನು ಉಚ್ಚರಿಸುವಷ್ಟರಲ್ಲಿ ಹುಡುಗರಿಗೆ ಉಸಿರು ಕಟ್ಟುತ್ತಿತ್ತು. ಅದನ್ನು ಮೊಟಕಿಸಿ 'ಪ್ಯಾಡ್ಸ್' ಮಾಡಿಕೊಂಡರು. ಅವರು ಪ್ಯಾಡನ್ನು ಭುಜಕ್ಕೆ ಕಟ್ಟಿಕೊಳ್ಳುವವರು, ಇವನು ಹೆಸರಿಗೆ. ಮೊದಲ ವಾರ ಅವರಿಗೆ ಇವನನ್ನು ಕಂಡರಾಗುತ್ತಿರಲಿಲ್ಲ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಸ್ವಭಾವ ಅವನದಲ್ಲ, ಆದರೆ ಮಾಸ್ಕಿನ ಹೊರಗೆ ತೂರಿದ ಮೂಗುಗಳನ್ನು ಒಳಗೆ ಹಾಕಿಸುವುದೇ ಈಗ ಅವನ ಉದ್ಯೋಗವಾಗಿತ್ತು. ಬರಬರುತ್ತ ಹುಡುಗರು ಒಗ್ಗಿಕೊಂಡರು. ಅವನೂ ಒಗ್ಗಿಕೊಂಡ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಈ ಫುಟ್‌ಬಾಲು ಅವನಿಗೆ ಅರ್ಥವಾಗದಿದ್ದರೂ, ಹುಡುಗರು ಅರ್ಥವಾದರು.

ಅದರಲ್ಲೂ ಲೈನ್‌ಮನ್‌ಗಳು. ನಮ್ಮೂರಲ್ಲಿ ಲೈನ್‌ಮನ್ ಅಂದರೆ ಕಂಬ ಹತ್ತಿ ಕರೆಂಟು ಸರಿಮಾಡುವವನು. ಇಲ್ಲಿ ಅವನೇ ಕಂಬ. ಚೆಂಡೆಸೆಯುವವನ ಮುಂದೆ ಗೋಡೆಯಂತೆ ನಿಂತು, ಎದುರಾಳಿಗಳ ಗುದ್ದನ್ನೆಲ್ಲ ತಾನು ತಿನ್ನುವವನು. ಚೆಂಡು ಅವನ ಕೈಗೆ ಬರುವುದು ಅಪರೂಪ, ಟಿ.ವಿ.ಯಲ್ಲಿ ಅವನ ಹೆಸರು ಬರುವುದು ತಪ್ಪು ಮಾಡಿದಾಗ ಮಾತ್ರ. ಆ ಗೋಡೆಯ ನಡುಗಲ್ಲು ಸಿಯೋನೆ ಎಂಬ ಟೋಂಗಾ ದ್ವೀಪದ ಮೂಲದ ಹುಡುಗ. ಕೊನೆಯ ವರ್ಷದವನು. ಬಾಗಿಲಲ್ಲಿ ನಿಂತರೆ ಬೆಳಕು ನಿಲ್ಲುತ್ತಿತ್ತು, ನಕ್ಕರೆ ಮತ್ತೆ ಬರುತ್ತಿತ್ತು. ಪಕ್ಕದೂರಿನ ಕಾಲೇಜಿನ ವಿರುದ್ಧದ ಪಂದ್ಯವೇ ಅವನ ಕೊನೆಯ ಆಟ. ಪ್ರೇಕ್ಷಕರಿಗೆ ಪ್ರವೇಶವಿಲ್ಲದ್ದರಿಂದ ಅವನ ಅಮ್ಮ ಅಜ್ಜಿಯ ಫೋಟೋವನ್ನು ಆಳೆತ್ತರದ ರಟ್ಟಿನಲ್ಲಿ ಮಾಡಿಸಿ, ಮುಂದಿನ ಸಾಲಿನ ಸೀಟಿನಲ್ಲಿ ಕೂರಿಸಲು ಕಳಿಸಿದ್ದಳು.

ಕುಡಿಯುವ ನೀರೇ ದೊಡ್ಡ ತಲೆನೋವಾಗಿತ್ತು. ಪ್ರತಿ ಆಟಗಾರನಿಗೂ ಹೆಸರು ಬರೆದ ಬೇರೆ ಬಾಟಲಿ ಇರಬೇಕು, ಒಬ್ಬರದು ಇನ್ನೊಬ್ಬರು ಮುಟ್ಟಕೂಡದು. ಬೆವರಿಗೆ ಹೆಸರು ಅಳಿಸಿಹೋಗುತ್ತಿತ್ತು, ಬಾಟಲಿಗಳು ಅದಲುಬದಲಾಗುತ್ತಿದ್ದವು. ಒಂದು ಸಂಜೆ ಜಿಟಿಜಿಟಿ ಮಳೆ ಶುರುವಾಗಿ, ಲೈನ್‌ಮನ್‌ಗಳೆಲ್ಲ ಮೀಟಿಂಗ್ ರೂಮಿನೊಳಗೆ ನುಗ್ಗಿದರು. ಅರ್ಧ ಜನರ ಬಾಟಲಿಯೇ ಇಲ್ಲ. ಅನಂತಪದ್ಮನಾಭನ ಚೀಲದಲ್ಲಿ ನಿರುಪಮಾಳ ಚೊಂಬಿತ್ತು. ಅವನ ತಲೆಯಲ್ಲಿ ಅಜ್ಜಿಯ ಅಡುಗೆಮನೆಯಿತ್ತು.

ಆ ಅಡುಗೆಮನೆಯಲ್ಲಿ ಮಡಿಯುಟ್ಟ ಅಜ್ಜಿಯನ್ನು ಮುಟ್ಟಿದವರು ಮಡಿದಂತೆಯೇ. ಆದರೆ ಇಡೀ ಮನೆಗೆ ಒಂದೇ ಚೊಂಬು. ತುಟಿಗೆ ತಾಗಿಸದೆ ಎತ್ತಿ ಕುಡಿದರೆ ಎಂಜಲಿಲ್ಲ, ಎಂಜಲಿಲ್ಲದಿದ್ದರೆ ದೋಷವಿಲ್ಲ. ಅಮೆರಿಕದ ಸರಕಾರ ಇಷ್ಟು ಒದ್ದಾಡುತ್ತಿರುವ ಸಮಸ್ಯೆಗೆ ತನ್ನಜ್ಜಿ ಎಂದೋ ಉತ್ತರ ಕಂಡುಹಿಡಿದಿದ್ದಾಳೆ ಎಂಬ ಹೆಮ್ಮೆಯಲ್ಲಿ ಅವನು ಚೊಂಬೆತ್ತಿದ. ನೆತ್ತಿಗೆ ಹತ್ತಿದ್ದು ಆಗಲೇ.

ಗುರುವಿಗೇ ಹಾಗಾದ ಮೇಲೆ ಶಿಷ್ಯರಿಗೆ ಛಲ ಬಂತು. ಒಬ್ಬೊಬ್ಬನೂ ಮಾಸ್ಕು ಇಳಿಸಿ ಚೊಂಬೆತ್ತಿದ. ಒಬ್ಬ ಕಣ್ಣಿಗೆ ಸುರಿದುಕೊಂಡ, ಒಬ್ಬ ಕಿವಿಗೆ. ಕೆಮ್ಮಿದರು, ಉಗುಳಿದರು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಿಯೋನೆ ಒಂದು ಹನಿಯೂ ಚೆಲ್ಲದೆ ಇಡೀ ಚೊಂಬನ್ನು ಖಾಲಿಮಾಡಿದಾಗ ರೂಮು ಅದುರುವಂತೆ ಕೇಕೆ ಹಾಕಿದರು. ಮಳೆ ಒಳಗೆ ಬರಬಾರದೆಂದು ಕಿಟಕಿಗಳನ್ನು ಮುಚ್ಚಿದವನೂ ಅನಂತಪದ್ಮನಾಭನೇ.

ಮನೆಗೆ ಬಂದು ಹೆಂಡತಿಗೆ ಉತ್ಸಾಹದಿಂದ ವರದಿ ಒಪ್ಪಿಸಿದ. ನಿರುಪಮಾ ಕೊತ್ತಂಬರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು.

"ಎಂಜಲಾಗಲ್ಲ, ಸರಿ. ಆದ್ರೆ ರೀ, ಅದು ಗಾಳೀಲಿ ಬರೋ ಕಾಯಿಲೆ ಅಲ್ವಾ?"

ಗಾಳಿಯಲ್ಲಿ ಹರಡುತ್ತದೆ, ಕಿಟಕಿ ತೆರೆದಿಡಿ ಎಂಬ ಪೋಸ್ಟರನ್ನು ಆ ರೂಮಿನ ಬಾಗಿಲಿಗೆ ಅಂಟಿಸಿದ್ದು ಅವನೇ. ಕಾಲೇಜು ಕೊಟ್ಟ ತರಬೇತಿ ತಲೆಯಲ್ಲಿತ್ತು, ಅಜ್ಜಿ ಕೊಟ್ಟದ್ದು ರಕ್ತದಲ್ಲಿತ್ತು. ಗಳಿಗೆ ಬಂದಾಗ ರಕ್ತ ಗೆದ್ದಿತ್ತು.

"ಏನೂ ಆಗಲ್ಲ ಬಿಡು," ಎಂದ.

"ಅದೇ ತಾನೆ ನಿಮ್ಮ ಕೆಲಸ," ಎಂದು ಅವಳು ಮತ್ತೆ ಹೆಚ್ಚತೊಡಗಿದಳು.

ಆಯಿತು. ಪಂದ್ಯದ ವಾರವೇ ಸಿಯೋನೆಯ ಪರೀಕ್ಷೆ ಪಾಸಿಟಿವ್ ಬಂತು, ಅವನ ಹಿಂದೆಯೇ ಗೋಡೆಯ ಉಳಿದ ಕಲ್ಲುಗಳೂ ಒಂದೊಂದಾಗಿ ಉರುಳಿದವು. ಅನಂತಪದ್ಮನಾಭನಿಗೆ ಮಾತ್ರ ನೆಗೆಟಿವ್. ಆರೋಗ್ಯ ಇಲಾಖೆಯ ಹೆಂಗಸು ಫೋನು ಮಾಡಿ ಬಹಳ ಮರ್ಯಾದೆಯಿಂದ ಕೇಳಿದಳು: ಒಳಾಂಗಣದಲ್ಲಿ, ಮಾಸ್ಕಿಲ್ಲದೆ, ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇವರೆಲ್ಲ ಒಟ್ಟಿಗಿದ್ದದ್ದು ಉಂಟೇ? ನಿಮಗೆ ತಿಳಿಯದೆ ಇರಲಾರದು.

"ನಾನಿದ್ದಾಗ? ಸಾಧ್ಯವೇ ಇಲ್ಲ ಮೇಡಂ," ಎಂದ.

ಎಷ್ಟು ಸಲೀಸಾಗಿ ಬಂತು ಆ ಮಾತು! ನೀರಿನ ಹಾಗೆ ಅಡ್ಡದಾರಿ ಹಿಡಿಯಲೂ ಇಲ್ಲ. ಫೋನಿಟ್ಟ ಮೇಲೆ ಕಿವಿ ಬಿಸಿಯಾಗಿತ್ತು. ಹುಡುಗರು ಹೇಗೂ ನಿಜ ಹೇಳುತ್ತಾರೆ, ತನ್ನ ಸುಳ್ಳು ಸಂಜೆಯೊಳಗೆ ಬಯಲಾಗುತ್ತದೆ ಎಂದು ಕಾದ. ಸಂಜೆಯಾಯಿತು, ಮರುದಿನವಾಯಿತು, ಬಯಲಾಗಲಿಲ್ಲ. ಆ ರೂಮಿನ ಸುದ್ದಿಯನ್ನು ಒಬ್ಬ ಹುಡುಗನೂ ಎತ್ತಿರಲಿಲ್ಲ. ಪ್ಯಾಡ್ಸ್ ಕೆಲಸಕ್ಕೆ ಕುತ್ತು ಬರುತ್ತದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಇಷ್ಟೂ ಜನಕ್ಕೆ ಎಲ್ಲಿಂದ ಬಂತು ಎಂಬುದಕ್ಕೆ ಏನಾದರೂ ಹೇಳಬೇಕಲ್ಲ? ಸಿಯೋನೆ ಹೇಳಿಬಿಟ್ಟಿದ್ದ: "ನಾನು ಕಸಿನ್ ಬರ್ತ್‌ಡೇ ಪಾರ್ಟಿಗೆ ಹೋಗಿದ್ದೆ. ಬಂದವನು ಲಾಕರ್ ರೂಮಲ್ಲಿ ಮಾಸ್ಕ್ ಹಾಕಿರಲಿಲ್ಲ. ತಪ್ಪು ನಂದೇ."

ಪಂದ್ಯ ರದ್ದಾಯಿತು. ಮುಂದೂಡಲು ಕ್ಯಾಲೆಂಡರಿನಲ್ಲಿ ಜಾಗವಿರಲಿಲ್ಲ. ಊರಿನ ಫುಟ್‌ಬಾಲ್ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಸಿಯೋನೆಯ ಹೆಸರು ಹಿಡಿದು ಬೈದರು. ಒಂದು ಕೇಕಿನ ತುಂಡಿಗೆ ಸೀಸನ್ ಮಾರಿದವನು ಎಂದರು. ನಿಯಮ ಮುರಿದವನನ್ನು ತಂಡದಿಂದಲೇ ಕಿತ್ತುಹಾಕಬೇಕು, ಅವನ ಹೆಸರು ತಂಡದ ದಾಖಲೆಯಲ್ಲಿ ಉಳಿಯಕೂಡದು ಎಂದು ಕಾಲೇಜಿನ ಆಡಳಿತದವರು ಪಟ್ಟು ಹಿಡಿದು ಕೂತರು. ಗುದ್ದು ತಿನ್ನುವುದೇ ಕಸುಬಾದವನು ಇದನ್ನೂ ತಿಂದ.

ಅನಂತಪದ್ಮನಾಭ ಅವನಿಗೆ ಫೋನು ಮಾಡಿದ. ಎಮರಿವಿಲ್ಲಿನ ಒಂದು ಹೋಟೆಲಿನಲ್ಲಿ ಅವನನ್ನು ಒಂಟಿಯಾಗಿ ಇರಿಸಿದ್ದರು.

"ಜ್ವರ ಹೇಗಿದೆಯಪ್ಪಾ?"

"ಹೋಯ್ತು ಸರ್. ಆದ್ರೆ ಯಾವುದಕ್ಕೂ ರುಚಿ ಇಲ್ಲ. ಹೋಟೆಲ್ ಊಟಕ್ಕೆ ಅದೇ ಒಳ್ಳೇದು."

"ಸಿಯೋನೆ, ಆ ಪಾರ್ಟಿ..."

"ಯಾವ ಪಾರ್ಟಿ?" ಎಂದು ಹುಡುಗ ಮೆಲ್ಲಗೆ ನಕ್ಕ. "ನಂಗೆ ಹೇಗೂ ಇದು ಕೊನೇ ವರ್ಷ ಸರ್. ನಿಮಗೆ ಕೆಲಸ ಇದೆ, ಮನೆ ಇದೆ. ಬಿಡಿ."

ಅಪ್ಪನ ವಯಸ್ಸಿನ ಗಂಡಸು ಇಂಥ ಹೊತ್ತಿನಲ್ಲಿ ಏನು ಹೇಳಬೇಕು? "ಬಿಡೋದಿಲ್ಲ" ಎಂದು ಹೇಳಬೇಕು. ಅನಂತಪದ್ಮನಾಭ, "ಬಿಸಿನೀರು ಕುಡಿ, ಮೆಣಸು ಹಾಕ್ಕೊಂಡು," ಎಂದು ಫೋನಿಟ್ಟ.

ಆಮೇಲೆ ಅನ್ನ ಸೇರಲಿಲ್ಲ. ಕನ್ನಡಿಯೆದುರು ಗಡ್ಡ ಹೆರೆಯುವಾಗ ಗಲ್ಲ ಮಾತ್ರ ನೋಡಿಕೊಂಡ, ಕಣ್ಣನ್ನಲ್ಲ. ಗ್ರೋಸರಿ ಅಂಗಡಿಯಲ್ಲಿ ಯಾರೋ ಕಾಲೇಜಿನ ಟೋಪಿ ಹಾಕಿಕೊಂಡು ಬಂದರೆ ಬೇಳೆಯ ಸಾಲಿನ ಹಿಂದೆ ಸರಿದು ನಿಂತ. ಊರಿಗೆಲ್ಲ ಅಂತರ ಕಾಯಿಸಿದವನಿಗೆ ಅಂತರಂಗದಿಂದ ದೂರ ನಿಲ್ಲಲು ಜಾಗ ಸಿಗಲಿಲ್ಲ.

ನಿರುಪಮಾ ಎರಡು ದಿನ ನೋಡಿದಳು. ಮೂರನೆಯ ದಿನ ಕಾಫಿ ಲೋಟ ಕುಕ್ಕಿದಳು.

"ಆ ಮಗು ಯಾಕ್ರೀ ನಿಮ್ಮ ಪಾಪ ಹೊರಬೇಕು? ಅದಕ್ಕೂ ಒಬ್ಬಳು ಅಮ್ಮ ಇದ್ದಾಳೆ. ಆ ಅಜ್ಜೀನ ರಟ್ಟಲ್ಲಿ ಮಾಡಿಸಿ ಕಳಿಸಿದ್ದಾಳೆ ಪುಣ್ಯಾತ್ಗಿತ್ತಿ."

"ಹೇಳ್ತೀನಿ ಕಣೇ. ಸ್ವಲ್ಪ ತಣ್ಣಗಾಗ್ಲಿ."

"ತಣ್ಣಗಾಗ್ತಿರೋದು ಕಾಫಿ. ವಿಷಯ ಕುದೀತಾನೇ ಇದೆ."

ಆ ಸಂಜೆ ತೇಜಸ್ವಿಯ ಫೋನು ಬಂತು. ಕಾಲೇಜಿನಲ್ಲಿ ಎಂ.ಎಸ್. ಓದುತ್ತ, ತಂಡದ ಚಿಲ್ಲರೆ ಕೆಲಸಗಳಿಗೆ ಕೈಜೋಡಿಸುತ್ತಿದ್ದ ಬೆಂಗಳೂರಿನ ಹುಡುಗ ಅವನು. "ಅಂಕಲ್, ಒಂದು ನಿಮಿಷ ಫ್ರೀ ಇದೀರಾ?" ಎಂಬುದಷ್ಟೇ ನಿರುಪಮಾಳ ಕಿವಿಗೆ ಬಿತ್ತು. ಅನಂತಪದ್ಮನಾಭ ಫೋನು ಹಿಡಿದು ಬಾಲ್ಕನಿಗೆ ಹೋದ. ಒಳಗೆ ಬಂದವನು ಸೋಫಾದ ತುದಿಯಲ್ಲಿ, ಬೇರೆಯವರ ಮನೆಯ ಸೋಫಾ ಎಂಬಂತೆ ಕೂತ.

"ನಾಳೆ ಟೀಮ್ ಮೀಟಿಂಗಲ್ಲಿ ಎಲ್ಲ ಹೇಳಿಬಿಡ್ತೀನಿ," ಎಂದ.

ನಿರುಪಮಾ ಬಂದು ಪಕ್ಕದಲ್ಲಿ ಕೂತಳು. ಅವಳ ಮಟ್ಟಿಗೆ ಅದೇ ದೊಡ್ಡ ಪ್ರಶಸ್ತಿ.

ಮೀಟಿಂಗು ಜೂಮಿನಲ್ಲಿ. ಇಡೀ ತಂಡ, ಕೋಚು, ಆಡಳಿತದ ಇಬ್ಬರು, ಹೋಟೆಲಿನ ದಿಂಬಿಗೆ ಒರಗಿದ ಸಿಯೋನೆ. ಅವನನ್ನು ತೆಗೆಯುವ ವಿಷಯಕ್ಕೆ ಬರುವಷ್ಟರಲ್ಲಿ ಅನಂತಪದ್ಮನಾಭ ಕೈಯೆತ್ತಿದ. ಮಳೆಯ ಸಂಜೆ, ಚೊಂಬು, ಮುಚ್ಚಿದ ಕಿಟಕಿ, ಇಲಾಖೆಯ ಹೆಂಗಸಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದ. "ಯಾವ ಪಾರ್ಟಿಯೂ ಇರಲಿಲ್ಲ. ಪಾಠ ಮಾಡಿದವನು ನಾನು. ಈ ಹುಡುಗ ನನ್ನ ಬದಲು ಬೈಸಿಕೊಂಡ," ಎಂದ.

ಮೊದಲು ಆಡಳಿತದವರು ಗಂಟಲು ಸರಿಮಾಡಿಕೊಂಡು, ಹಾಗಿದ್ದರೆ ಸಿಯೋನೆಯ ವಿಷಯ ಇಲ್ಲಿಗೆ ಮುಗಿಯಿತು, ನಿಮ್ಮ ವಿಷಯ ಬೇರೆಯಾಗಿ ಮಾತಾಡೋಣ ಎಂದರು. ಆಮೇಲೆ ಕೋಚು, ಎಂದೂ ಯಾರನ್ನೂ ಹೊಗಳದ ಮನುಷ್ಯ, "ಹುಡುಗರೇ, ನೋಡ್ಕೊಳ್ಳಿ. ಧೈರ್ಯ ಅಂದ್ರೆ ಇದು. ತಾನಾಗಿ ಬಂದು ತಪ್ಪೊಪ್ಪಿಕೊಳ್ಳೋದು ಮೈದಾನದಲ್ಲಿ ಕಲಿಸೋಕಾಗಲ್ಲ," ಎಂದ. ಯಾರೋ ಚಪ್ಪಾಳೆ ತಟ್ಟಿದರು. ಇನ್ನಷ್ಟು ಚೌಕಗಳಲ್ಲಿ ಕೈಗಳು ಆಡಿದವು. ಬಾಗಿಲ ಬಳಿ ನಿಂತಿದ್ದ ನಿರುಪಮಾ ಮೂಗೊರೆಸಿಕೊಂಡಳು. ಅನಂತಪದ್ಮನಾಭನ ಮುಖ ಚಪ್ಪಾಳೆಗೆ ಅರಳುವ ಬದಲು ಇನ್ನಷ್ಟು ಕುಗ್ಗಿತು.

ಸಿಯೋನೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ದಿಂಬಿನಿಂದ ಮುಂದಕ್ಕೆ ಬಾಗಿದ. ಅವನ ಮುಖ ಇಡೀ ಚೌಕ ತುಂಬಿತು.

"ಸರ್, ನಮ್ಮಲ್ಲಿ ಒಬ್ಬರೂ ಬಾಯಿ ಬಿಡ್ತಿರಲಿಲ್ಲ. ನಿಮಗೂ ಗೊತ್ತಿತ್ತು ಅದು. ನೀವು ಸುಮ್ಮನಿದ್ದಿದ್ರೆ ಎಲ್ಲ ಮುಗಿದೇ ಹೋಗ್ತಿತ್ತು. ಮತ್ತೆ ಯಾಕೆ ಹೇಳಿದ್ರಿ?"

ಒಪ್ಪುವ ಉತ್ತರವನ್ನು ಕೋಚು ಆಗಲೇ ತಯಾರಿಸಿ ಕೊಟ್ಟಿದ್ದ. ಹೂಂ ಅಂದಿದ್ದರೆ ಸಾಕಿತ್ತು. ಅನಂತಪದ್ಮನಾಭ ಬಾಗಿಲ ಕಡೆ ಒಮ್ಮೆ ನೋಡಿದ, ಮತ್ತೆ ಆ ಹುಡುಗನ ಮುಖ ನೋಡಿದ.

"ಆ ರೂಮಲ್ಲಿ ಕ್ಯಾಮೆರಾ ಇದೆಯಂತೆ," ಎಂದ. "ಸೋಮವಾರ ಅದರ ರೆಕಾರ್ಡಿಂಗ್ ಹಾಕಿ ನೋಡ್ತಾರೆ ಅಂತ ತೇಜಸ್ವಿ ನಿನ್ನೆ ಹೇಳಿದ."