ಪೊರ್ಬುಗಳು ಎರಡು ಸಲ ಕೇಳಿದ್ದರು

ಮೊನ್ನೆ ಮೊಮ್ಮಗಳ ನಾಯಿಮರಿಯ ಕಿವಿಯಲ್ಲಿ ಉಣುಗು ಕಚ್ಚಿಕೊಂಡಿದೆಯೆಂದು ಪ್ರಾಣಿವೈದ್ಯರಲ್ಲಿಗೆ ಹೋಗಿದ್ದೆವು. ವೈದ್ಯೆ ಅದನ್ನು ಚಿಮಟದಲ್ಲಿ ತೆಗೆದು, ಆ ಜಾಗಕ್ಕೆ ಹತ್ತಿಯಲ್ಲಿ ಟಿಂಚರ್ ಒತ್ತಿದರು. ಅದರ ಘಾಟು ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗೆ ಬಂದುಬಿಟ್ಟೆ. ಅಜ್ಜಿಗೆ ತಲೆ ಸುತ್ತಿತೆಂದು ಮೊಮ್ಮಗಳು ಗಾಬರಿಯಾದಳು. ತಲೆ ಸುತ್ತಿರಲಿಲ್ಲ. ಆ ವಾಸನೆಯ ಜೊತೆಗೆ ಹಿರಿಯರೊಬ್ಬರು ಎದುರಿಗೆ ಬಂದು ನಿಂತಿದ್ದರು, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ಬಿಜೈಯಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಎದುರು ಮನೆಯವರು ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ತುಳು ಮಾತಾಡುವ ನಾವೆಲ್ಲ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು. ಇವರು ಕಂಪೌಂಡರ್ ಪೊರ್ಬುಗಳು.

ಭಾನುವಾರ ಇಗರ್ಜಿಯಿಂದ ಬಂದವರೇ ಕೋಟು ಕಳಚಿ, ಅಂಗಳದ ಮರದ ಬೆಂಚಿನಲ್ಲಿ ಕೂತುಕೊಳ್ಳುತ್ತಿದ್ದರು. ಕೇರಿಯ ನಾಯಿಗಳೆಲ್ಲ ಆ ಬೆಂಚಿಗೆ ಬರುತ್ತಿದ್ದವು. ಉಣುಗಿಗೆ ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಉಗುರಲ್ಲಿ ಕುಕ್ಕುವುದು, ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ. ಅವರು ಬೈಯುತ್ತಿದ್ದರು. ಚಿಮಟವನ್ನು ಚರ್ಮಕ್ಕೆ ತಾಗಿಸಿ, ಉಣುಗಿನ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ಹೊಟ್ಟೆ ಅದುಮದೆ, ನೇರ ಮೇಲಕ್ಕೆ ನಿಧಾನ ಎಳೆಯುತ್ತಿದ್ದರು. ತೆಗೆದದ್ದನ್ನು ಸ್ಪಿರಿಟ್ಟಿನ ಶೀಶೆಗೆ ಹಾಕಿ, ಗಾಯಕ್ಕೆ ಟಿಂಚರ್ ಒತ್ತಿ, ಸಾಬೂನಿನಲ್ಲಿ ಕೈ ತೊಳೆದು ಇನ್ನೊಂದು ನಾಯಿಗೆ ಕೈ ಹಾಕುತ್ತಿದ್ದರು.

ನಮ್ಮ ಬೊಳ್ಳುವನ್ನು ಕರೆದುಕೊಂಡು ಹೋಗುತ್ತಿದ್ದವಳು ನಾನು. ನನಗೆ ಆಗ ಹದಿಮೂರು. ಬೊಳ್ಳು ಹೆಸರಿಗೆ ತಕ್ಕ ಹಾಗೆ ಬೆಳ್ಳಗಿನ ಊರನಾಯಿ. ಪೊರ್ಬುಗಳು ನನಗೇ ಒಂದು ಚಿಮಟ ಕೊಟ್ಟು ಕಲಿಸಿದ್ದರು. “ದಿನಾ ಸಂಜೆ ನೋಡ್ಬೇಕು ಮಗಾ. ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಅಡಿಯಲ್ಲಿ, ಬಾಲದ ಬುಡದಲ್ಲಿ. ತಿಗಣೆ ಪುಡಿ ಮಾತ್ರ ಮುಟ್ಲಿಕ್ಕಿಲ್ಲ. ಅದು ವಿಷ. ನಾಯಿ ಮೈ ನೆಕ್ತದೆ.” ಕೇರಿಯವರ ಎದುರು ನನ್ನನ್ನು ಸಣ್ಣ ಡಾಕ್ಟ್ರು ಎಂದು ಕರೆಯುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಆ ಬೇಸಿಗೆಯಲ್ಲಿ ಕಾದಂಬರಿ ಓದುವ ಹುಚ್ಚು ಹಿಡಿಯಿತು. ಬೊಳ್ಳುವನ್ನು ನೋಡುವುದು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ವಾರಕ್ಕೊಮ್ಮೆ... ಅಮ್ಮ ಕೇಳಿದರೆ ಪುಸ್ತಕದಿಂದ ತಲೆಯೆತ್ತದೆ “ತೆಗ್ದಾಯ್ತು” ಎನ್ನುತ್ತಿದ್ದೆ. ಭಾನುವಾರ ಪೊರ್ಬುಗಳು ಅದರ ಕಿವಿ ಮಡಚಿ ನೋಡಿ, ನನ್ನನ್ನೊಮ್ಮೆ ನೋಡಿ, ಕೈಲಾದಷ್ಟು ತೆಗೆದು ಟಿಂಚರ್ ಹಚ್ಚಿ ಕಳಿಸಿದರು.

ಅದೇ ವಾರ ಬುಧವಾರ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೆಳಿಗ್ಗೆ ಜಗಲಿ ಗುಡಿಸುವಾಗ ನೋಡುತ್ತೇನೆ, ಸುಣ್ಣದ ಗೋಡೆಯ ಮೇಲೆ ಉಣುಗುಗಳು ಸಾಲಾಗಿ ಹತ್ತುತ್ತಿವೆ. ಬಂದವರ ಕಣ್ಣಿಗೆ ಬಿದ್ದರೆ ನನ್ನ ಸುಳ್ಳು ಹೊರಗೆ ಬೀಳುತ್ತದೆ. ಗೋಡೆಯ ಮೇಲಿನವನ್ನು ಗುಡಿಸಿ ಹಾಕಿದೆ, ಬೊಳ್ಳುವಿನ ಮೈಯಲ್ಲಿದ್ದವನ್ನು ಒಂದೊಂದಾಗಿ ತೆಗೆಯುವಷ್ಟು ಹೊತ್ತಿರಲಿಲ್ಲ. ಅಟ್ಟದಿಂದ ತಿಗಣೆ ಪುಡಿಯ ಡಬ್ಬಿ ಇಳಿಸಿ, ತೆಂಗಿನೆಣ್ಣೆಯಲ್ಲಿ ಕಲಸಿ, ಬೊಳ್ಳುವಿನ ಮೈಗೆಲ್ಲ ತಿಕ್ಕಿ, ಹಿತ್ತಿಲಲ್ಲಿ ಕಟ್ಟಿದೆ. ಉಜ್ಜುವಾಗ ಅದು ಬಾಲ ಅಲ್ಲಾಡಿಸುತ್ತಿತ್ತು.

ಬಂದವರು ಉಂಡು, ಹುಡುಗಿ ಒಪ್ಪಿಗೆಯೆಂದು ಹೇಳಿ ಹೋದರು. ಹಿತ್ತಿಲಿಗೆ ಓಡಿದೆ. ಬೊಳ್ಳು ಜೊಲ್ಲು ಸುರಿಸುತ್ತಾ, ಕಾಲು ಸೆಟೆದು ನಡುಗುತ್ತಾ ಬಿದ್ದಿತ್ತು. ಅಪ್ಪ ಕೂಗಿ ಕರೆದರು, ಪೊರ್ಬುಗಳು ಲುಂಗಿಯಲ್ಲೇ ಬಂದರು. ಮೊಣಕಾಲೂರಿ ಕೂತು ಅದರ ಬಾಯಿ ಒರೆಸಿದರು.

“ಎಂತ ಹಚ್ಚಿದ್ದು ಮಗಾ?”

“ಎಂತದ್ದೂ ಇಲ್ಲ. ಎಣ್ಣೆ ಮಾತ್ರ.”

“ಸರಿ ಯೋಚನೆ ಮಾಡಿ ಹೇಳು. ಬೇರೆ ಎಂತದಾದ್ರೂ ಉಂಟಾ?”

ಅಪ್ಪ ಪಕ್ಕದಲ್ಲೇ ನಿಂತಿದ್ದರು. “ಇಲ್ಲ” ಎಂದೆ.

ಸಂಜೆ ದೀಪ ಹಚ್ಚುವ ಮೊದಲೇ ಬೊಳ್ಳು ಸತ್ತಿತು.

ಅಪ್ಪನಿಗೆ ಆ ನಾಯಿಯೆಂದರೆ ಜೀವ. ಅವರು ಕಂಬಕ್ಕೆ ಒರಗಿ ನಿಂತು, “ನಿನ್ನೆಯವರೆಗೆ ಸರಿಯೇ ಇತ್ತಲ್ಲ?” ಎಂದರು. ಆಗ ನಾನು, “ಭಾನುವಾರ ಪೊರ್ಬುಗಳು ಏನೋ ಮದ್ದು ಹಚ್ಚಿದ್ರು” ಎಂದೆ. ಮಾತು ಸುಳ್ಳಲ್ಲ. ಇಷ್ಟು ವರ್ಷ ಅದೇ ಮಾತಿನ ಮರೆಯಲ್ಲಿ ಅಡಗಿಕೊಳ್ಳಲು ನೋಡಿದ್ದೇನೆ, ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಎದುರು ಮನೆಯ ಗೇಟಿನಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿದರು. “ಪೊರ್ಬುಗಳೇ, ಗೊತ್ತಿಲ್ಲದ ಮದ್ದು ಯಾಕೆ ಹಚ್ಚಿದ್ರಿ? ಕೊಂದುಬಿಟ್ರಲ್ಲ!” ನಾನು ಅಪ್ಪನ ಹಿಂದೆ ನಿಂತಿದ್ದೆ. ಪೊರ್ಬುಗಳು ನನ್ನ ಕಡೆ ನೋಡಿದರು. ಹೇಳಿಬಿಡುತ್ತಾರೆಂದು ಅಪ್ಪನ ಬೆನ್ನ ಮರೆಗೆ ಇನ್ನಷ್ಟು ಸರಿದೆ. ಅವರು ಹೇಳಿದ್ದು, “ಆಗಿರ್ಬಹುದು. ವಯಸ್ಸಾಯ್ತು, ಕಣ್ಣು ಮಂಜು... ತಪ್ಪಾಗಿರ್ಬಹುದು.”

ಮುಂದಿನ ಭಾನುವಾರ ಬೆಂಚಿಗೆ ಒಂದೇ ಒಂದು ನಾಯಿ ಬಂತು. ಅದರ ಮುಂದಿನ ವಾರ ಅದೂ ಇಲ್ಲ. ಪೊರ್ಬುಗಳು ಸ್ವಲ್ಪ ದಿನ ಸುಮ್ಮನೆ ಕೂತುಕೊಂಡು ಕಾದರು. ಆಮೇಲೆ ಬೆಂಚು ಒಳಗೆ ಹೋಯಿತು. ನಾನು ಕಿಟಕಿಯ ಈಚೆಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಹೋಗಿ ಹೇಳಬೇಕೆಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿ, ಗೇಟಿನ ತನಕ ಹೋಗಿ, ವಾಪಸು ಬಂದಿದ್ದೇನೆ.

ಎರಡು ವರ್ಷದ ಮೇಲೆ ಅವರು ಮಗಳ ಮನೆಯಲ್ಲಿರಲು ಕಂಕನಾಡಿಗೆ ಹೊರಟರು. ಗಾಡಿಗೆ ಸಾಮಾನು ಹೇರುವಾಗ ನಾನು ಶಾಲೆಯಿಂದ ಬರುತ್ತಿದ್ದೆ. ಹತ್ತಿರ ಕರೆದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪಾಠ ಹೇಳುವ ಸ್ವರದಲ್ಲೇ ಹೇಳಿದರು:

“ಮುಂದೆ ನಾಯಿ ಸಾಕಿದ್ರೆ ನೆನಪಿಟ್ಟುಕೊಳ್ಳು. ಪುಡಿ ತಾಗಿದ್ರೆ ಕೂಡ್ಲೇ ಸಾಬೂನು ಹಾಕಿ ತೊಳೀಬೇಕು, ನೆಕ್ಲಿಕ್ಕೆ ಬಿಡ್ಬಾರ್ದು. ಆ ದಿನ ಗೊತ್ತಾಗಿದ್ರೆ ನಾನು ತೊಳೀತಿದ್ದೆ.”

ಬೈಗುಳ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ನಾನು ತಲೆ ಬಗ್ಗಿಸಿ ನಿಂತೆ. ತಪ್ಪಾಯ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಗಾಡಿ ಹೊರಟಿತು. ನಾನು ಕಾಲೇಜು ಸೇರುವ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅಪ್ಪ ಪೇಪರಿನಿಂದ ಕಣ್ಣು ತೆಗೆಯದೆ, “ನಮ್ಮ ಬೊಳ್ಳುವನ್ನು ಕೊಂದವರು” ಎಂದರು. ನಾನು ಆಗಲೂ ಸುಮ್ಮನಿದ್ದೆ. ಅಪ್ಪ ಹೋಗುವವರೆಗೂ ಸುಮ್ಮನಿದ್ದೆ.

ಮೊನ್ನೆ ಮನೆಗೆ ಬಂದ ಮೇಲೆ ತಡೆಯಲಾಗದೆ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಈಗ ಅವಳಿಗೆ ಎಂಬತ್ತು ದಾಟಿದೆ, ಉರ್ವದಲ್ಲಿ ಮಗನ ಜೊತೆ ಇದ್ದಾಳೆ. ಒಂದು ನಾಯಿಗಾಗಿ ಇಷ್ಟೆಲ್ಲವಾ ಮಾರಾಯ್ತಿ ಎಂದು ನಗಬಹುದೆಂದುಕೊಂಡಿದ್ದೆ. ಅವಳು ನಗಲಿಲ್ಲ. ಹೀಗೆ ಹೇಳಿದಳು:

“ನನ್ನ ಮದುವೆಯ ದಿನ ಪೊರ್ಬುಗಳು ಕೋಟು ಹಾಕಿಕೊಂಡು ಅವರ ಗೇಟಿನ ಒಳಗೇ ನಿಂತಿದ್ರು. ದಿಬ್ಬಣ ಹೊರಡುವವರೆಗೂ ನಿಂತಿದ್ರು. ಯಾಕೆ ಬರ್ಲಿಲ್ಲ ಅಂತ ಅಪ್ಪನ ಹತ್ರ ಕೇಳಿದೆ. ನಾನು ಕರೀಲಿಲ್ಲ ಅಂದ್ರು.”

ಇದು ನನಗೆ ಗೊತ್ತಿರಲಿಲ್ಲ. ಮದುಮಗಳ ತಂಗಿಯಾಗಿ ಆ ದಿನವೆಲ್ಲ ಹೊಸ ಲಂಗ ಉಟ್ಟು ಓಡಾಡುತ್ತಿದ್ದವಳು ನಾನು. ಒಮ್ಮೆಯೂ ರಸ್ತೆಯ ಆಚೆ ನೋಡಿರಲಿಲ್ಲ. ಅಕ್ಕ ಆ ಕಡೆ “ಹಲೋ, ಇದ್ದೀಯಾ?” ಎನ್ನುತ್ತಿದ್ದಳು.