ಮಲಗಿದ ಕಂಪ್ಯೂಟರಿನೊಳಗೆ ಅಜ್ಜನ ಮಾತು

ನಾನು ಟೈಪ್‌ರೈಟರಿನಲ್ಲಿ ಕೈ ಪಳಗಿಸಿಕೊಂಡವಳು. ಹಾಳೆ ತುಂಬದೆ ಅದನ್ನು ಯಂತ್ರದಿಂದ ಎಳೆದವಳಲ್ಲ. ಭಟ್ಕಳದಲ್ಲಿ ಡಿಟಿಪಿ ಅಂಗಡಿ ಹಾಕಿದ ಮೇಲೂ ಆ ಚಾಳಿ ಬಿಡಲಿಲ್ಲ. ಕೆಲಸ ಪೂರ್ತಿ ಮುಗಿಯದೆ ಸೇವ್ ಮಾಡುತ್ತಿರಲಿಲ್ಲ. ಯಾರಾದರೂ ಬುದ್ಧಿ ಹೇಳಿದರೆ ಮೂಗಿನ ತುದಿಯಲ್ಲೇ ಸಿಟ್ಟು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಒಂದು ಮಧ್ಯಾಹ್ನ ತೆಂಗಿನಗುಂಡಿಯ ಅಜ್ಜರೊಬ್ಬರು ಬಂದರು. ಗಂಟಲಿಗೆ ಕ್ಯಾನ್ಸರ್. ಮರುದಿನ ಮಂಗಳೂರಿಗೆ ಹೊರಟವರು. ಆಪರೇಷನ್ ಆದರೆ ಮತ್ತೆ ಸ್ವರವಿಲ್ಲ. ಸಮುದ್ರದೊಳಗೆ ಮೀನು ನಿಲ್ಲುವ ಬಂಡೆಗಳು ಎಲ್ಲಿವೆ, ದಡದ ಯಾವ ಗುಡ್ಡ ಯಾವ ಮರದ ನೇರಕ್ಕೆ ಬಂದಾಗ ಗಾಳ ಬಿಡಬೇಕು, ಎಲ್ಲ ಅವರ ತಲೆಯಲ್ಲೇ ಇತ್ತು. ಅದು ಮಗನಿಗೆ ತಲುಪಬೇಕು. ಅಪ್ಪ ಮಗನಿಗೆ ಎರಡು ವರ್ಷದಿಂದ ಮಾತಿಲ್ಲ.

"ನಾ ಹೇಳ್ತೆ, ನೀವು ಬರೀರಿ" ಅಂದರು.

ಸಂಜೆಯವರೆಗೆ ಹೇಳಿ ಮುಗಿಸಿ ಬಸ್ಸಿಗೆ ಹೋದರು. ನಾನು ತಪ್ಪು ತಿದ್ದುತ್ತಿದ್ದಾಗ ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು. ದಿನದ ರೂಢಿಯಂತೆ ಹೈಬರ್ನೇಟ್ ಒತ್ತಿ ಮನೆಗೆ ಹೋದೆ. ಹಾಗೆ ಒತ್ತಿದರೆ ಕಂಪ್ಯೂಟರು ನೆನಪಿನಲ್ಲಿರುವುದನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮತ್ತೆ ಎಬ್ಬಿಸಿದ ಕೂಡಲೇ, ಬೇರೇನನ್ನೂ ಮುಟ್ಟುವ ಮೊದಲು, ಅದನ್ನು ಎತ್ತಿಕೊಂಡು ಬಿಟ್ಟ ಜಾಗದಿಂದಲೇ ಶುರುಮಾಡುತ್ತದೆ.

ಮರುದಿನ ನಾನು ಹೋಗುವಷ್ಟರಲ್ಲಿ ನಾದಿನಿ ಅಂಗಡಿ ತೆರೆದಿದ್ದಳು. ವೈರಸ್ ಕಾಟಕ್ಕೆ ಹೆದರಿ ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾವು ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೆವು. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತಿತ್ತು. ಮಲಗಿದ್ದನ್ನು ಎಬ್ಬಿಸದೆ ಅವಳು ಎರಡನೆಯದನ್ನು ಆರಿಸಿ, ಅದೇ ಡಿಸ್ಕಿನಲ್ಲಿ ಯಾರದೋ ಮದುವೆ ಕಾಗದ ಬರೆದಿಟ್ಟಿದ್ದಳು.

"ಅಯ್ಯೋ, ಎಂತ ಮಾಡ್ದೆ ಮಾರಾಯ್ತಿ!" ಎಂದು ಅಂಗಡಿ ಹಾರಿಹೋಗುವಂತೆ ಕೂಗಿದೆ. ಹೊನ್ನಾವರದ ರಿಪೇರಿಯವರಿಗೆ ಫೋನು ಮಾಡಿದೆ.

"ಅಕ್ಕಾ, ಈಗ ಅದ್ನ ಎಬ್ಬಿಸ್ಬೇಡಿ" ಅಂದರು ಅವರು. "ಡಿಸ್ಕು ನಿನ್ನೆ ಹಾಂಗೇ ಇದೆ ಅಂತ ಅದ್ರ ಲೆಕ್ಕ. ಎದ್ದು ಬರೆಯೂಕೆ ಶುರು ಮಾಡ್ತು ಅಂದ್ರೆ ಎಲ್ಲಾ ಕಲಸಿ ಹೋಗ್ತದೆ."

"ಮತ್ತೆ ಅಜ್ಜನ ಮಾತು?"

"ಆಫ್ ಮಾಡಿ, ಕೈ ಕಟ್ಕಂಡು ಕೂತ್ಕಳಿ. ನಾ ಬತ್ತೆ."

ಟೆಂಪೋ ಹತ್ತಿ ಬಂದರು. ಮೊದಲು, ಕಲಸಿಹೋದರೂ ಒಂದು ಉಳಿಯಲಿ ಎಂದು, ಇಡೀ ಡಿಸ್ಕನ್ನು ತಾವು ತಂದ ಇನ್ನೊಂದಕ್ಕೆ ನಕಲು ಮಾಡಿಟ್ಟರು. ಆಮೇಲೆಯೇ ಮಲಗಿದ್ದನ್ನು ಎಬ್ಬಿಸಿದ್ದು. ಪುಟ ಕಾಣಿಸಿತು.

"ಸೇವ್ ಗೀವ್ ಎಂತದೂ ಬೇಡ. ಮೊದ್ಲು ಪ್ರಿಂಟು" ಅಂದರು ಅವರು.

ನಾಲ್ಕು ಹಾಳೆ ಹೊರಬಂದವು. ಅತ್ತೇಬಿಟ್ಟೆ. ನಾದಿನಿಯ ಕೈ ಹಿಡಿದು ತಪ್ಪಾಯಿತು ಅಂದೆ. ಪಾಪ, ಅವಳಿಗೇನು ಗೊತ್ತು, ಸೇವ್ ಮಾಡದವಳು ನಾನು.

ತಿಂಗಳ ಮೇಲೆ ಹಾಳೆ ಹಿಡಿದು ಅಜ್ಜನ ಮನೆಗೆ ಹೋದೆ. ಕೊರಳಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಮಗ ದೂರದಲ್ಲಿ ನಿಂತೇ ಗಟ್ಟಿಯಾಗಿ ಓದಿದ. ಮುಗಿದ ಮೇಲೂ ಅಜ್ಜ ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹಾಳೆ ಕಿತ್ತುಕೊಂಡು ತಿರುಗಿಸಿ ಮುರುಗಿಸಿ ನೋಡಿ, ನನ್ನತ್ತ ಬೆರಳು ತೋರಿಸಿದರು.

ಆಗ ನನಗೆ ಹೊಳೆಯಿತು. ಹೇಳಿ ಮುಗಿಸುವಾಗ ಅವರು ಇನ್ನೊಂದು ಮಾತು ಅಂದಿದ್ದರು. ಮನೆಯ ಜಗಳ ಇದರಲ್ಲಿ ಯಾಕೆ ಎಂದು ನಾನೇ ಅದನ್ನು ಟೈಪು ಮಾಡಿರಲಿಲ್ಲ.

"ಒಂದು ಮಾತು ನಾ ಬಿಟ್ಟೆ" ಅಂದೆ ಮಗನಿಗೆ. "ನಿಮ್ಮ ಮೇಲೆ ಸಿಟ್ಟಿಲ್ಲ ಅಂದಿದ್ರು."

ಅವನು ಹತ್ತಿರ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತ. ಕೇಳಿದ: "ಹೆಂಗೆ ಹೇಳಿದ್ರು? ಅವ್ರು ಹೇಳಿದ ಹಾಂಗೇ ಹೇಳಿ ಅಕ್ಕಾ."

ನಾನು ಹೇಳಿದೆ. ಅಜ್ಜ ತಲೆ ಅಲ್ಲಾಡಿಸಿದರು, ಹಾಗಲ್ಲ ಎಂದು. ಇನ್ನೊಮ್ಮೆ, ಮೆತ್ತಗೆ ಹೇಳಿದೆ.