ಸೋಮವಾರ ಓಡದ ಟ್ರ್ಯಾಮ್ ಕಂಪನಿ

ನಮ್ಮಪ್ಪ ಹರೆಯದಲ್ಲಿ ಒಮ್ಮೆ ಮುಂಬಯಿಗೆ ಹೋಗಿ ಟ್ರ್ಯಾಮ್ ನೋಡಿ ಬಂದಿದ್ದ. ಅಲ್ಲಿಗೆ ಅವನ ತಲೆ ಕೆಟ್ಟಿತು. ಬಾದಾಮಿಯ ರೈಲ್ವೆ ಸ್ಟೇಷನ್ ಊರಿಂದ ಮೂರು ಮೈಲಿ ದೂರ. ಈ ರಸ್ತೆಗೂ ಟ್ರ್ಯಾಮ್ ಬೇಕೆಂದು ಹಟ ಹಿಡಿದ. ಹಳಿ ಹಾಕುವುದು ಆಗದ ಮಾತು. ಹೀಗಾಗಿ ಮೂರು ಟಾಂಗಾ, ಮೂರು ಕುದುರೆ ತಂದು, ಹಿಂದೆ ‘ಟ್ರ್ಯಾಮ್ ಕಂಪನಿ’ ಎಂದು ಬರೆಸಿದ.

ಬೇರೆ ಟಾಂಗಾಗಳು ಜನ ತುಂಬುವವರೆಗೆ ಕದಲುತ್ತಿರಲಿಲ್ಲ. ನಮ್ಮವು ಖಾಲಿ ಇದ್ದರೂ ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವು, ನಾಲ್ಕೇ ಕಡೆ ನಿಲ್ಲುತ್ತಿದ್ದವು. ದಾರಿಯಲ್ಲಿ ಮುದುಕಿಯರು ಕೈ ಮಾಡಿದರೆ ಅಪ್ಪ, “ಟ್ರ್ಯಾಮು ನಡುವ ನಿಂದ್ರೂದಿಲ್ಲಬೇ ಯವ್ವಾ” ಎನ್ನುತ್ತಿದ್ದ. ಅವರು ಅವನ ಏಳು ತಲೆಮಾರನ್ನೂ ಉದ್ಧಾರ ಮಾಡಿ, ಮುಂದಿನ ಸ್ಟಾಪಿಗೆ ನಡೆದು ಹೋಗಿ ಹತ್ತುತ್ತಿದ್ದರು.

ಸೋಮವಾರ ಮಾತ್ರ ಕಂಪನಿ ಬಂದ್. ಬಸವಣ್ಣನನ್ನು ನಂಬಿದ ಮನೆತನ ನಮ್ಮದು. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಪ್ಪ ಆ ರಜೆಯನ್ನು ಕುದುರೆಗಳಿಗೂ ಕೊಟ್ಟುಬಿಟ್ಟ. ಟಾಂಗಾ ಹೊಡೆಯುತ್ತಿದ್ದ ಚಾಚಾ ನಗುತ್ತಿದ್ದರು.

“ಸಾವಕಾರ್ರ, ಕುದ್ರಿ ಯಾವಾಗ ಬಸವಣ್ಣ ಆತ್ರಿ?”

“ನಾಕು ಕಾಲು ಅದಾವಿಲ್ಲೊ? ದುಡಿತಾವಿಲ್ಲೊ? ಅಷ್ಟ ಸಾಕು.”

ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನವನೊಬ್ಬ ಅದೇ ರಸ್ತೆಗೆ ಟೆಂಪೊ ತಂದ. ಅದು ಯಾವಾಗ ಹೊರಡುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ. ಅದರ ಹೊಟ್ಟೆ ತುಂಬುತ್ತಿದ್ದುದು ಸೋಮವಾರವಷ್ಟೇ. ಅಂದೂ ನಮ್ಮ ಖಾಯಂ ಗಿರಾಕಿಗಳು ಅಪ್ಪನ ಮುಖ ನೋಡಿ ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದರು. ಕಂಪನಿ ಉಳಿದದ್ದು ಈ ಮುಲಾಜಿನ ಮೇಲೆ.

ಆಗಲೇ ನನಗೆ ಬಾಗಲಕೋಟೆಯಲ್ಲಿ ಶಿಕ್ಷಕಿ ತರಬೇತಿಯ ಸಂದರ್ಶನ ಬಂತು, ಅದೂ ಸೋಮವಾರ. ಆಯ್ಕೆಯಾಗದಿದ್ದರೆ ಮದುವೆ ಎಂದು ಅವ್ವ ಆಗಲೇ ಸಾರಿದ್ದಳು. ಬಸ್ಸನ್ನು ನಂಬುವಂತಿರಲಿಲ್ಲ, ಬೆಳಗಿನ ರೈಲೇ ಗತಿ. ನಾನೂ ನಡೆದೇ ಹೋಗುವವಳಿದ್ದೆ. ಅವಸರದಲ್ಲಿ ಕಟ್ಟೆ ಇಳಿಯುವಾಗ ಕಾಲು ಉಳುಕಿತು.

ಅಪ್ಪ ಲಾಯದೊಳಗೆ ಹೋಗಿ ಲಗಾಮು ಕೈಗೆತ್ತಿಕೊಂಡ. ಕುದುರೆಗಳತ್ತ ನೋಡಿದ. ತಿರುಗಿ ಗೂಟಕ್ಕೆ ನೇತುಹಾಕಿ, ನನ್ನನ್ನು ಹೆಗಲಿಗೆ ಆನಿಸಿಕೊಂಡು ಟೆಂಪೊದ ಹತ್ತಿರ ಕರೆದೊಯ್ದ. ಇಡೀ ಬಸ್ ಸ್ಟ್ಯಾಂಡು ಚಹಾ ಕುಡಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು.

“ಅಪ್ಪಾ, ನನಗಿಂತ ನಿನ್ನ ಕುದ್ರಿ ಹೆಚ್ಚಾದ್ವೇನು?”

“ಹೊತ್ತಾತು, ಹತ್ತವಾ” ಎಂದು ತಾನೇ ಎತ್ತಿ ಕೂರಿಸಿದ.

ರೈಲು ಸಿಕ್ಕಿತು, ಆಯ್ಕೆಯೂ ಆಯಿತು. ಮುಂದಿನ ಸೋಮವಾರ ಸ್ಟೇಷನ್ನಿಗೆ ಯಾರೂ ನಡೆದು ಹೋಗಲಿಲ್ಲ. “ಮಾಲಕನ ಮಗಳ ಹತ್ತ್ಯಾಳ, ನಮ್ಮದೇನು?” ಎಂದು ಎಲ್ಲರೂ ಟೆಂಪೊ ಹತ್ತಿದರು. ಮೆತ್ತಗಿನ ಸೀಟಿನ ರುಚಿ ಹತ್ತಿದ ಮೇಲೆ ಮಂಗಳವಾರವೂ ಅದನ್ನೇ ಹತ್ತಿದರು. ವರ್ಷದೊಳಗೆ ಮೂರೂ ಕುದುರೆ ಮಾರಿಹೋದವು. ಕಂಪನಿಯನ್ನು ಟೆಂಪೊ ಮುಳುಗಿಸಿತೆಂದು ಊರವರು ಹೇಳುತ್ತಾರೆ. ಮುಳುಗಿಸಿದವಳು ನಾನು.

ಕೆಲಸ ಸಿಕ್ಕು ಹುನಗುಂದಕ್ಕೆ ಹೋದ ಮೇಲೆ, ರಜೆಗೆ ಬಂದಾಗ ಒಮ್ಮೆ ಧೈರ್ಯ ಮಾಡಿ ಕೇಳಿದೆ: “ಅಪ್ಪಾ, ಹಿಂಗಾಗ್ತದಂತ ನಿನಗ ಅವತ್ತ ಗೊತ್ತಿತ್ತೇನು?”

“ಗೊತ್ತಿತ್ತವಾ” ಎಂದ. “ನಿನ್ನ ಹತ್ತಿಸಿ ಮನಿಗೆ ಬಂದು, ಕಂಪನಿ ಮುಗೀತಂತ ಮೊದಲಿಗೆ ಕುದ್ರಿಗಳಿಗೆ ಹೇಳಿದ್ನಿ.”